ಸಾಹೇಬರ ಕುರ್ಚಿಗೆ ಬಿದ್ದ ಟವೆಲ್

ಮನೆಯಿಂದಲೇ ಕೆಲಸ ಮಾಡುತ್ತಿದ್ದ ನೌಕರರನ್ನೆಲ್ಲ ಉಪನಿರ್ದೇಶಕ ಪದ್ಮರಾಜಯ್ಯನವರು ಒಂದೇ ಆದೇಶದಲ್ಲಿ ಕಚೇರಿಗೆ ಎಳೆತಂದರು. "ಹತ್ತು ಗಂಟೆಗೆ ಎಲ್ಲರೂ ಕುರ್ಚಿಯಲ್ಲಿ ಕೂತಿರಬೇಕು. ನಿಂತವರಿಗೆ ಗೈರುಹಾಜರಿ!"

ಆದರೆ ಕುರ್ಚಿ ಎಲ್ಲಿ? ಎಲ್ಲರೂ ಮನೆಯಲ್ಲಿದ್ದಾಗ ಅರ್ಧ ಕುರ್ಚಿಗಳನ್ನು ಹರಾಜು ಹಾಕಿಸಿದವರೂ ಇದೇ ಸಾಹೇಬರು. ಮೊದಲ ದಿನ ಗುಮಾಸ್ತ ಗವಿರಂಗಯ್ಯ ಗೋಡೆಗೆ ಒರಗಿ ನಿಂತೇ ದುಡಿದ. ಸಂಜೆ ನೋಡಿದರೆ ಗೈರುಹಾಜರಿ.

"ಒಂದು ಕುರ್ಚಿ ಕೊಡಿಸಿ ಸಾರ್."

"ಅದು ನಿನ್ನ ತಲೆನೋವು ಕಣಯ್ಯ. ಎಲ್ಲಾದರೂ ಖಾಲಿ ಕಂಡರೆ ಹಿಡ್ಕೋ."

ದಿನಾ ಬಸ್ಸಿನಲ್ಲಿ ಬರುವವನಿಗೆ ಸೀಟು ಹಿಡಿಯೋದು ಹೇಳಿಕೊಡಬೇಕೆ? ಮರುದಿನ ಬೆಳಿಗ್ಗೆ ಹೊರಗಿನಿಂದಲೇ, ಕಿಟಕಿಯ ಸರಳುಗಳ ನಡುವೆ ತನ್ನ ಕೆಂಪು ಟವೆಲ್ ಎಸೆದ. ಅದು ಹೋಗಿ ಸಾಹೇಬರ ತಿರುಗೋ ಕುರ್ಚಿಯ ಮೇಲೆ ಬಿತ್ತು.

ಸಾಹೇಬರು ಬಂದಾಗ ಗವಿರಂಗಯ್ಯ ಅದರಲ್ಲಿ ಕೂತು ಫೈಲು ನೋಡುತ್ತಿದ್ದ.

"ಏಳಯ್ಯ ಮೇಲೆ!"

"ಟವೆಲ್ ಹಾಕಿದ್ದೆ ಸಾರ್. ಖಾಲಿ ಕಂಡರೆ ಹಿಡ್ಕೋ ಅಂತ ತಾವೇ ಅಂದಿರಲ್ಲ."

ಕುರ್ಚಿಯತ್ತ ಚಾಚಿದ ಕೈಯನ್ನು ಸಾಹೇಬರು ಹಿಂದಕ್ಕೆಳೆದುಕೊಂಡರು. ಟವೆಲ್ ಬಿದ್ದ ಸೀಟನ್ನು ಈ ನಾಡಿನಲ್ಲಿ ಯಾರು ತಾನೇ ಮುಟ್ಟುತ್ತಾರೆ? ಅಷ್ಟರಲ್ಲಿ ಗಡಿಯಾರ ಹತ್ತು ಹೊಡೆಯಿತು. ಗವಿರಂಗಯ್ಯ ಮೆಲ್ಲಗೆ ಕೇಳಿದ: "ತಾವು ನಿಂತೇ ಇದ್ದೀರಿ ಸಾರ್. ಗೈರುಹಾಜರಿ ಹಾಕಿಬಿಡಲಾ?"

ಮೂರನೇ ದಿನ ಬೆಳಕು ಹರಿಯುತ್ತಲೇ ಸಾಹೇಬರು ಕಿಟಕಿಯ ಬಳಿ ಬಂದು, ಆಚೀಚೆ ನೋಡಿ, ತಮ್ಮ ರೇಷ್ಮೆ ಕರ್ಚೀಫನ್ನು ಒಳಗೆ ಎಸೆದರು. ಅದು ನೆಟ್ಟಗೆ ಹೋಗಿ, ಕುರ್ಚಿಯಲ್ಲಿ ಆಗಲೇ ಬಿದ್ದಿದ್ದ ಕೆಂಪು ಟವೆಲ್ ಮೇಲೆ ಬಿತ್ತು.

ಮಧ್ಯಾಹ್ನದೊಳಗೆ ಹೊಸ ಆದೇಶ ಹೊರಟಿತು: "ಎಲ್ಲರೂ ಮನೆಯಿಂದಲೇ ಕೆಲಸ ಮಾಡತಕ್ಕದ್ದು. ಹೋಗುವಾಗ ಟವೆಲ್ ಒಯ್ಯತಕ್ಕದ್ದು."