ತುಂಬು ನೀರು

"ಗುರುಗಳೇ, ನೀವು ಹೇಳಿದ್ದೆಲ್ಲ ನನ್ನಲ್ಲಿ ತುಂಬಿದೆ. ಒಂದು ಅಕ್ಷರವನ್ನೂ ಮರೆತಿಲ್ಲ. ಇನ್ನು ಊರಿಗೆ ಮರಳಿ ಬೋಧನೆಗೆ ಕೂರಬಹುದೇ?" ಎಂದು ಶಿಷ್ಯನೊಬ್ಬ ಕೇಳಿದ. ಗಂಟು ಕಟ್ಟಿ ಹೆಗಲಿಗೇರಿಸಿಕೊಂಡೇ ಬಂದಿದ್ದ. ಅಪ್ಪಣೆಯೊಂದು ಬಾಕಿ.

ಗುರುಗಳು ಗಂಟನ್ನು ನೋಡಿ ನಕ್ಕರು. ಜಗಲಿಯ ಗೋಡೆಗೆ ತೂಗುಹಾಕಿದ್ದ ಹಳೆಯ ಕಡಲ ನಕ್ಷೆಯತ್ತ ಕೈ ತೋರಿಸಿದರು. ತಾಮ್ರದ ತಗಡಿನಲ್ಲಿ ಕೆತ್ತಿ, ಮಸಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆದ ನಕ್ಷೆ ಅದು. ಶಿಷ್ಯ ದಿನವೂ ಅದರ ಕೆಳಗೇ ಕೂತು ಪಾಠ ಕೇಳಿದ್ದ. ಒಮ್ಮೆಯೂ ತಲೆಯೆತ್ತಿ ಓದಿರಲಿಲ್ಲ.

"ಹೊರಟವನಿಗೆ ಅವಸರ ಇದ್ದೇ ಇರುತ್ತದೆ. ಆದರೂ ಇದನ್ನು ಮಾಡಿದವನ ಕತೆ ಕೇಳಿಕೊಂಡು ಹೋಗು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಅಳತೆಗಾರ ಇದ್ದ. ಬಯಲುಸೀಮೆಯವನು. ತೀರದುದ್ದಕ್ಕೂ ಕಡಲಿನ ಆಳ ಅಳೆದು ನಕ್ಷೆ ಬರೆಯಬೇಕೆಂದು ಅರಸ ಅವನನ್ನು ಕಳಿಸಿದ್ದ. ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗೆ ಬಿಡುವುದು, ಗುಂಡು ನೆಲ ಮುಟ್ಟಿದಾಗ ಎಷ್ಟು ಮಾರು ಹಗ್ಗ ಇಳಿಯಿತೆಂದು ಬರೆದುಕೊಳ್ಳುವುದು, ಇದು ಅವನ ಕೆಲಸ. ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಆ ಕೆಲಸದ ಮೇಲೆ ಅವನಿಗೆ ಪ್ರೀತಿಯಿತ್ತು. ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಕೊನೆಗೆ ಒಂದು ಅಳಿವೆ ಉಳಿಯಿತು. ನದಿ ಬಂದು ಕಡಲು ಸೇರುವ ಬಾಯಿ. ಅಷ್ಟರಲ್ಲಿ ಮಳೆಗಾಲದ ಗಾಳಿ ಎದ್ದಿತು. ರಾಜಧಾನಿಯಲ್ಲಿ ಕೆತ್ತನೆಗಾರ ತಗಡು ಉಜ್ಜಿಟ್ಟುಕೊಂಡು ಕಾಯುತ್ತಿದ್ದ. ಅಳತೆಗಾರ ತನ್ನ ದೋಣಿಯ ಅಂಬಿಗನನ್ನು ಕೇಳಿದ: "ಆ ಬಾಯಲ್ಲಿ ನೀರು ಹೇಗಿದೆ?"

"ಅಲ್ಲಿ ತುಂಬಿದೆ ಒಡೆಯಾ" ಎಂದ ಅಂಬಿಗ. ಹಾಗೆಂದವನು ದೋಣಿಯನ್ನು ಅತ್ತ ಬಿಡದೆ ಈಚೆಗೆ ತಿರುಗಿಸಿದ.

ಅಳತೆಗಾರ ಮಾತು ಕೇಳಿದ, ದೋಣಿ ತಿರುಗಿದ್ದನ್ನು ನೋಡಲಿಲ್ಲ. ನಕ್ಷೆಯಲ್ಲಿ ಆ ಜಾಗಕ್ಕೆ ಅಂಕಿಯ ಬದಲು 'ತುಂಬು ನೀರು' ಎಂದು ಬರೆದ. ಕೆತ್ತನೆಗಾರ ಅದನ್ನೇ ಅಂದವಾಗಿ ಕೆತ್ತಿ, ಮೂಲೆಯಲ್ಲಿ ಅಳತೆಗಾರನ ಹೆಸರನ್ನೂ ಕೆತ್ತಿದ.

ಆ ಅಳಿವೆಯೊಳಗೆ ಅದುವರೆಗೆ ಯಾರೂ ದೊಡ್ಡ ಹಡಗು ತಂದಿರಲಿಲ್ಲ. ನಕ್ಷೆ ನೋಡಿದ ಒಬ್ಬ ವರ್ತಕನಿಗೆ ಧೈರ್ಯ ಬಂತು. ಮಳೆಗಾಲ ಕಳೆದ ಮೇಲೆ ತನ್ನಲ್ಲಿದ್ದ ಅಕ್ಕಿಯನ್ನೆಲ್ಲ ಒಂದೇ ಹಡಗಿಗೆ ಹೇರಿದ. ತನ್ನ ನಕ್ಷೆ ದಾರಿ ತೋರಿಸುವುದನ್ನು ಕಣ್ಣಾರೆ ನೋಡಬೇಕೆಂದು ಅಳತೆಗಾರನೂ ಹತ್ತಿದ. ಹಡಗು ಬಾಯಿಯೊಳಗೆ ಬಂದು, ಮರಳು ಕೆರೆದು, ನಿಂತುಬಿಟ್ಟಿತು. ಅದು ಇಳಿತದ ಹೊತ್ತು. ನೀರು ಇನ್ನೂ ಇಳಿಯುತ್ತಿತ್ತು, ಹಡಗು ಒಂದು ಮಗ್ಗುಲಿಗೆ ವಾಲತೊಡಗಿತು. ವಾಲಿ ಬಿದ್ದರೆ ಅಕ್ಕಿಯೂ ಹೋಯಿತು, ವರ್ತಕನ ಬದುಕೂ ಹೋಯಿತು.

ವರ್ತಕ ಬಯ್ಯಲಿಲ್ಲ. ನಕ್ಷೆ ಬಿಡಿಸಿ ಮೂಲೆಯ ಮೇಲೆ ಬೆರಳಿಟ್ಟು, "ಇದು ನಿಮ್ಮದೇ ಹೆಸರಲ್ಲವೇ?" ಎಂದ. ಬಯ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅಳತೆಗಾರನಿಗೆ.

ಅಷ್ಟರಲ್ಲಿ ದಡದ ಮೀನುಗಾರರು ದೋಣಿ ಕಟ್ಟಿಕೊಂಡು ಬಂದರು. ಮೂಟೆಗಳನ್ನು ಕೈಯಿಂದ ಕೈಗೆ ದಾಟಿಸಿ ದೋಣಿಗಳಿಗೆ ಇಳಿಸಿದರು. ಅಳತೆಗಾರನೂ ಬೆನ್ನು ಕೊಟ್ಟು ಹೊತ್ತ. ಹಡಗು ಹಗುರಾಯಿತು, ಉಬ್ಬರ ಬಂದಾಗ ಮೆಲ್ಲಗೆ ಎದ್ದು ತೇಲಿತು. ನಾಲ್ಕಾರು ಮೂಟೆ ನೆನೆದದ್ದು ಬಿಟ್ಟರೆ ನಷ್ಟವೇನೂ ಆಗಲಿಲ್ಲ. ಬಂದವರಲ್ಲಿ ಆ ಅಂಬಿಗನೂ ಇದ್ದ.

"ನೀನೇ ತುಂಬಿದೆ ಅಂದೆಯಲ್ಲ ಮಾರಾಯ?" ಎಂದು ಅಳತೆಗಾರ ಕೇಳಿದ.

"ಅಂದೆ. ದೋಣಿಯಲ್ಲಿ ಕೂತು ಯಾರಾದರೂ ನೀರಿಲ್ಲ ಅಂತಾರಾ ಒಡೆಯಾ? ನಿಮ್ಮ ಮನೆಯಲ್ಲಿ ಅಕ್ಕಿ ಮುಗಿದರೆ ಅಮ್ಮನವರು ಏನಂತಾರೆ?"

ಅಳತೆಗಾರನ ಮನೆಯಲ್ಲೂ ಅಕ್ಕಿ ಮುಗಿಯಿತು ಎಂದವರಿಲ್ಲ. ಹಾಗೆನ್ನುವುದು ಅಶುಭ. 'ಅಕ್ಕಿ ತುಂಬಿದೆ' ಎಂದು ಹೆಂಡತಿ ಹೇಳಿದ ದಿನ ಅವನೇ ಚೀಲ ಹಿಡಿದು ಅಂಗಡಿಗೆ ಹೋಗುತ್ತಿದ್ದ. ಮನೆಯಲ್ಲಿ ತಿಳಿಯುತ್ತಿದ್ದ ಮಾತು ಕಡಲ ಮೇಲೆ ತಿಳಿಯದೆ ಹೋಗಿತ್ತು. ಮೊದಲು ನಾಚಿಕೆಯಾಯಿತು, ಆಮೇಲೆ ನಗು ತಡೆಯಲಾಗಲಿಲ್ಲ. ಅಂಬಿಗನೂ ನಕ್ಕ. ಅಕ್ಕಿ ಉಳಿದಿತ್ತಲ್ಲ, ವರ್ತಕನೂ ನಕ್ಕ.

ಮರುದಿನ ಅಳತೆಗಾರ ಅದೇ ಅಂಬಿಗನ ದೋಣಿಯಲ್ಲಿ ಹೋಗಿ ಅಳಿವೆಗೆ ಗುಂಡು ಬಿಟ್ಟ. ಒಂದೂವರೆ ಮಾರಿಗೆ ಗುಂಡು ನೆಲ ಮುಟ್ಟಿತು. ಕೆತ್ತನೆಗಾರ ತಗಡನ್ನು ಮಗುಚಿ, ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ, ಹಳೆಯ ಅಕ್ಷರ ಸವರಿ, ಹೊಸ ಅಂಕಿ ಕೆತ್ತಿದ. "ನಿಮ್ಮ ಹೆಸರನ್ನೂ ಅಳಿಸಿಬಿಡಲೇ?" ಎಂದು ಮೆಲ್ಲಗೆ ಕೇಳಿದ.

"ಇರಲಿ ಬಿಡು. ಈಗಷ್ಟೇ ಅದು ನನ್ನ ನಕ್ಷೆ ಆಗಿದೆ" ಎಂದ ಅಳತೆಗಾರ. ಅಂದು ಅವನು ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿ ಮಲಗಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಎದ್ದು ಹೋಗಿ ನಕ್ಷೆಗೆ ಮುಖ ಹತ್ತಿರ ಮಾಡಿ ನೋಡಿದ. ಅಳಿವೆಯ ಬಾಯಲ್ಲಿ ಅಂಕಿಯಿತ್ತು. ಅದರ ಹಿಂದೆ, ಸವರಿದರೂ ಪೂರ್ತಿ ಹೋಗದ 'ತುಂಬು' ಎಂಬ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಅವನಿಗೂ ನಗು ಬಂತು.

"ಎಂಥ ಪೆದ್ದ! ತನ್ನ ಮನೆಯ ಮಾತೇ ಅವನಿಗೆ ತಿಳಿಯದೆ ಹೋಯಿತಲ್ಲ ಗುರುಗಳೇ" ಎಂದ.

ಗುರುಗಳು ಅವನ ಹೆಗಲಿನ ಗಂಟನ್ನೇ ನೋಡುತ್ತ ಕೇಳಿದರು:

"ಬಂದ ಕೂಡಲೇ ನೀನೂ ತುಂಬಿದೆ ಅಂದೆಯಲ್ಲ ಮಗು, ಅದು ಪುಸ್ತಕದ ಮಾತೋ, ಅಕ್ಕಿ ಮಡಕೆಯ ಮಾತೋ?"