ಹಿತ್ತಲಗೋಡೆಯ ಆಚೆ ಹುಟ್ಟಿದ್ದರೆ

ಪೂಜ್ಯ ನಿರಂಜನಜ್ಜನವರಿಗೆ ಮಠವೆಂಬುದೊಂದು ಇರಲಿಲ್ಲ. ಮಲಪ್ರಭೆಯ ದಂಡೆಯ ಹೊಳೆನಾಗನೂರಿನಲ್ಲಿ, ನಿಂತುಹೋದ ಎಣ್ಣೆಗಾಣದ ಮನೆಯೊಳಗೆ ಒಂದು ಚಾಪೆ, ಒಂದು ಕಂಬಳಿ, ಒಂದು ನೀರಿನ ಗಡಿಗೆ ಇಟ್ಟುಕೊಂಡು ವಾಸವಾಗಿದ್ದರು. ಕಲ್ಲಿನ ಮಠ ಕಟ್ಟಿಸುತ್ತೇವೆಂದು ಬಂದ ಭಕ್ತರನ್ನು, "ಮದಲ ಸಾಲಿ ಸೋರತೈತಿ, ಅದನ್ನ ನೋಡ್ರಿ" ಎಂದು ತಿರುಗಿ ಕಳಿಸುತ್ತಿದ್ದರು. ಅವರ ಮಾತು ಅಷ್ಟಕ್ಕೇ ಮುಗಿಯುತ್ತಿತ್ತು. ನಮ್ಮಂಥವರ ಮಾತು ಮುಗಿಯುವುದೇ ಇಲ್ಲ, ಅದು ಬೇರೆ ಸಂಗತಿ.

ಒಂದು ಬೇಸಿಗೆಯ ಮಧ್ಯಾಹ್ನ ಆ ಗಾಣದ ಮನೆಗೆ ಮುರಿಗೆಪ್ಪ ಮಾಸ್ತರರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ದೇವರು ದಿಂಡರೆಂದರೆ ಮೂಗು ಮುರಿಯುವ ಆಸಾಮಿ. ಅಜ್ಜನವರ ಹೊಸ್ತಿಲನ್ನು ಅವರು ಅಂದಿನವರೆಗೆ ತುಳಿದವರಲ್ಲ. ಅಂದು ಮಾತ್ರ ಕಾಲಲ್ಲಿ ಚಪ್ಪಲಿಯೂ ಇಲ್ಲದೆ, ಸುಡುವ ಮಣ್ಣಿನಲ್ಲಿ ಓಡಿಬಂದಿದ್ದರು.

ಸಂಗತಿ ಹೀಗಿತ್ತು. ಅವರ ತಾಯಿ ಈರಸಂಗವ್ವ ಹಿಂದಿನ ದಿನ ಹೊಳೆಯಲ್ಲಿ ಕೌದಿ ಒಗೆಯುತ್ತಿದ್ದಾಗ ಕೊರಳಿನ ದಾರ ಸವೆದು ಹರಿದು, ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆ ಸೆಳವಿನಲ್ಲಿ ಹೋಯಿತು. ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಅದು. ದಿನವೂ ಅಂಗೈಯಲ್ಲಿಟ್ಟು ಪೂಜಿಸದೆ ಆ ತಾಯಿ ಗುಟುಕು ನೀರು ಕುಡಿದವರಲ್ಲ. ಲಿಂಗ ಕಳೆದರೆ ಪ್ರಾಣವನ್ನೂ ಬಿಡಬೇಕೆಂದು ಹಳೆಯ ಜನ ನಂಬಿದ್ದರು. ಈರಸಂಗವ್ವ ಹಾಗೆ ನಂಬಿದವರು. ಹೊಳೆಯಿಂದ ಬಂದವರೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮೊದಲೇ ಸಕ್ಕರೆ ಕಾಯಿಲೆಯ ಮೈ. ನಾಳೆ ಬೆಳಗಿನವರೆಗೆ ಹೀಗೇ ಬಿಟ್ಟರೆ ಕೈಮೀರುತ್ತದೆಂದು ಡಾಕ್ಟರರು ಹೇಳಿ ಹೋಗಿದ್ದರು. ಸೂಜಿ ಚುಚ್ಚಲು ಬಂದವರ ಕೈಯನ್ನೂ ಆಕೆ ಸರಿಸಿದ್ದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ಮಾಸ್ತರರು ಪೇಟೆಗೆ ಹೋಗಿ ಹೊಸ ಲಿಂಗವೊಂದನ್ನು ತಂದು, ಹೋದದ್ದರಂಥದೇ ಬೆಳ್ಳಿ ಕರಡಿಗೆಯಲ್ಲಿಟ್ಟು, "ಸಿಕ್ತವ್ವಾ" ಎಂದು ತಾಯಿಯ ಕೈಗೆ ಕೊಟ್ಟರು. ಪ್ರೀತಿಯಿಂದಲೇ ಮಾಡಿದ್ದು, ಆದರೆ ಎಂಥ ತಪ್ಪು ನೋಡಿ. ಜನ್ಮವಿಡೀ ಅಂಗೈಯಲ್ಲಿ ಹಿಡಿದದ್ದರ ತೂಕ ಆ ತಾಯಿಗೆ ತಿಳಿಯದೆ ಹೋದೀತೇ? ಅದನ್ನು ಸುಮ್ಮನೆ ಪಕ್ಕಕ್ಕಿಟ್ಟು, "ನೀನೂ ನನಗ ಸುಳ್ಳ ಹೇಳಿದಿ" ಎಂದರು. ಆಮೇಲೆ ಮಗನೊಂದಿಗೆ ಮಾತೇ ಆಡಲಿಲ್ಲ.

"ನೀವರ ಒಂದು ಸುಳ್ಳು ಹೇಳ್ರಿ ಅಜ್ಜಾರ," ಎಂದರು ಮಾಸ್ತರರು. "ನೀರು ಕುಡಿದ್ರ ದೋಷ ಇಲ್ಲ ಅಂತ ಶಿವನೇ ಕನಸಿನ್ಯಾಗ ಹೇಳಿದ ಅನ್ರಿ. ಸ್ವಾಮಿಗೋಳು ಹೇಳಿದ್ದನ್ನ ನಂಬಬೇಕಂತ ಆಕಿಗೆ ಸಣ್ಣಾಕಿದ್ದಾಗಿಂದ ಕಲಿಸ್ಯಾರ, ನಂಬತಾಳ."

ಅಜ್ಜನವರು ಆಗದೆಂದು ತಲೆಯಾಡಿಸಿದರು. ಮಾಸ್ತರರಿಗೆ ಸಿಟ್ಟೂ ದುಃಖವೂ ಒಟ್ಟಿಗೇ ಉಕ್ಕಿ ಬಂದವು. "ಬರೇ ಕಲಿಸಿದ್ದರೀ ಇದು. ನಮ್ಮ ಹಿತ್ತಲಗ್ವಾಡಿ ಆಚೆ ಸಾಬರ ಮನ್ಯಾಗ ಹುಟ್ಟಿದ್ದರ ರೋಜಾ ಹಿಡದು ಕುಂದರತಿದ್ಲು. ಸಂಜಿಗಿ ನೀರರ ಕುಡೀತಿದ್ಲು. ಈ ಗ್ವಾಡಿ ಈ ಕಡೆ ಹುಟ್ಟಿದ್ದಕ್ಕ ಸಾಯಬೇಕೇನ್ರಿ?"

"ಖರೇ ಐತಿ," ಎಂದರು ಅಜ್ಜನವರು. ಆಮೇಲೆ ಕೇಳಿದರು: "ಗ್ವಾಡಿ ಆಚೆ ಬೆಳದಿದ್ದರ ನೀನೂ ಮತ್ತೊಬ್ಬಾಕಿಗೆ ಅವ್ವ ಅಂತಿದ್ದಿ. ಅವ್ವ ಅನ್ನೋದೂ ಕಲಿಸಿದ್ದೇ. ಮತ್ತ ಈಕಿ ಸಲುವಾಗಿ ಯಾಕ ಅಳಾಕತ್ತಿ?"

ತಾವು ಅಳುತ್ತಿರುವುದು ಮಾಸ್ತರರಿಗೆ ಗೊತ್ತಾದದ್ದೇ ಆಗ. ಅಜ್ಜನವರು ಕೋಲು ಹಿಡಿದು ಎದ್ದು ಹೊರಟರು.

ಮನೆಯ ಮುಂದೆ ಆಗಲೇ ಜನ ಕೂಡಿದ್ದರು. "ಪುಣ್ಯವಂತಿ, ಲಿಂಗದ ಬೆನ್ನ ಹತ್ತಿ ಹೊಂಟಾಳ" ಎಂದೊಬ್ಬರು ಕೈಮುಗಿಯುತ್ತಿದ್ದರು. ಇನ್ನೊಬ್ಬರು ಹೂಳುವ ಕುಣಿ ಎಲ್ಲಿ ತೋಡಬೇಕೆಂದು ವಿಚಾರಿಸುತ್ತಿದ್ದರು. ಉಸಿರಾಡುವವರ ಮನೆಯ ಮುಂದೆ ಇಂಥ ಮಾತು. ಅಜ್ಜನವರು ಅವರತ್ತ ಒಮ್ಮೆ ನೋಡಿದರು, ಅಂಗಳ ಖಾಲಿಯಾಯಿತು.

ಒಳಗೆ ಈರಸಂಗವ್ವನವರ ತುಟಿ ಒಡೆದು ಕಪ್ಪಾಗಿತ್ತು. ಕಣ್ಣು ತೆರೆಯಲೇ ಹೊತ್ತು ಹಿಡಿಯಿತು. ಮಾಸ್ತರರು ತಾಯಿಯ ಎದೆ ಏರಿಳಿಯುವುದನ್ನೇ ನೋಡುತ್ತ ಬಾಗಿಲಲ್ಲಿ ನಿಂತರು. ಇದು ಕೊನೆಯ ಉಸಿರೋ ಎಂದು ಪ್ರತಿ ಉಸಿರಿಗೂ ಅವರ ಜೀವ ಹಾರುತ್ತಿತ್ತು.

"ನಮ್ಮವ್ವ ಹೇಳಿದ್ಲು ಅಜ್ಜಾರ," ಎಂದರು ಆ ತಾಯಿ, "ಲಿಂಗ ಹೋದ ಮ್ಯಾಲೆ ಬಾಯಿಗೆ ನೀರ ಬ್ಯಾಡಂತ."

ಅಜ್ಜನವರು ಇಲ್ಲವೆನ್ನಲಿಲ್ಲ. "ನಿಮ್ಮವ್ವ ನಿನಗ ಕಲಿಸಿದ್ಲು. ನೀ ಇವಗ ಏನ ಕಲಿಸಿದಿ?"

"ಏನೂ ಇಲ್ಲರಿ. ಸಾಲಿಗೆ ಕಳಿಸಿದೆ."

"ಇವನ ಲಿಂಗ ಎಲ್ಲೈತಿ?"

ಆಕೆ ಬೆರಳನ್ನು ಗೋಡೆಯಲ್ಲಿದ್ದ ದೇವರ ಮಾಡದತ್ತ ಎತ್ತಿದರು. ಕಾಲೇಜಿಗೆ ಹೋದ ವರ್ಷ ಮಾಸ್ತರರು ಕೊರಳಿನಿಂದ ಬಿಚ್ಚಿ ಎಸೆದಿದ್ದ ಕರಡಿಗೆ ಅಲ್ಲಿತ್ತು. ಎಲ್ಲೋ ಹಾಳಾಗಿರಬೇಕೆಂದು ಅವರು ಮರೆತೇಬಿಟ್ಟಿದ್ದರು. ತೆರೆದು ನೋಡಿದರೆ ಲಿಂಗದ ಮೇಲೆ ಹಿಂದಿನ ಮುಂಜಾನೆಯ ವಿಭೂತಿ ಇನ್ನೂ ಇತ್ತು. ಅಷ್ಟು ವರ್ಷವೂ ಮಗನ ಪಾಲಿನ ಪೂಜೆಯನ್ನು ತಾಯಿಯೇ ಮಾಡಿಕೊಂಡು ಬಂದಿದ್ದರು.

"ಸ್ನಾನ ಮಾಡಿ ಬಾ. ಆಕಿ ಹೇಳಿಕೊಡತಾಳ," ಎಂದರು ಅಜ್ಜನವರು.

ಮಾಸ್ತರರು ಒದ್ದೆ ಮೈಯಲ್ಲೇ ಬಂದು ತಾಯಿಯ ಹಾಸಿಗೆಯ ಪಕ್ಕ ಕುಳಿತು, ಲಿಂಗವನ್ನು ಬಲಗೈಯಲ್ಲಿ ಹಿಡಿದರು.

"ಎಡಗೈ," ಎಂದರು ಈರಸಂಗವ್ವ.

ಕೈ ಬದಲಾಯಿತು. "ಎದಿ ಮಟ ಎತ್ತು... ಕೈ ಅಳ್ಳಾಡಬಾರದು." ದನಿ ಕೇಳಿಸದಷ್ಟು ಸಣ್ಣದಾಗಿತ್ತು, ಮಾಸ್ತರರು ಕಿವಿಯನ್ನು ಆಕೆಯ ಬಾಯಿಯ ಹತ್ತಿರ ಒಯ್ಯಬೇಕಾಯಿತು. ನೀರೆರೆದರು, ವಿಭೂತಿ ಹಚ್ಚಿದರು, ಪತ್ರಿ ಏರಿಸಿದರು. ತಪ್ಪಿದಾಗೆಲ್ಲ ಆಕೆ ತಿದ್ದಿದರು. ಲಿಂಗ ತೊಳೆದ ನೀರು ಬಟ್ಟಲಿನಲ್ಲಿ ನಿಂತಿತ್ತು.

"ಮುಂದೇನವ್ವಾ?"

"ತೀರ್ಥ ತಗೋಬೇಕು."

"ಮದಲ ಯಾರು?"

ಆಗ ಅಜ್ಜನವರೇ ಹೇಳಿದರು: "ಕಲಿಸಿದಾಕಿ."

ಮಗ ಬಟ್ಟಲನ್ನು ಎತ್ತಿ ಹಿಡಿದ. ಲಿಂಗ ಹೋದ ಮೇಲೆ ಬಾಯಿಗೆ ನೀರು ಬೇಡ, ನಿಜ. ಆದರೆ ಮಗ ಮೊದಲ ಸಲ ಪೂಜೆ ಮಾಡಿ ಕೊಡುವ ತೀರ್ಥವನ್ನು ಬೇಡವೆನ್ನಲು ಆಕೆಗೆ ಯಾರೂ ಕಲಿಸಿರಲಿಲ್ಲ. ಆ ತಾಯಿ ಅಜ್ಜನವರನ್ನು ನೋಡಿದರು, ಮಗನನ್ನು ನೋಡಿದರು, ಬಾಯಿ ತೆರೆದರು.

ಹೋದ ಲಿಂಗ ಸಿಗಲಿಲ್ಲ. ಮೈ ಚೇತರಿಸಿದ ಮೇಲೆ ಅಜ್ಜನವರೇ ಈರಸಂಗವ್ವನವರಿಗೆ ಬೇರೆ ಲಿಂಗ ಕಟ್ಟಿದರು. ಆಕೆ ಮುಂದೆ ಬಹಳ ವರ್ಷ ಬಾಳಿದರು.

ಮಾಸ್ತರರು ಕಡೆಯವರೆಗೂ ದೇವರ ವಿಷಯದಲ್ಲಿ ವಾದ ಬಿಡಲಿಲ್ಲ, ಮುಂಜಾನೆಯ ಪೂಜೆಯನ್ನೂ ಬಿಡಲಿಲ್ಲ. ಹಳೆಯ ಗೆಳೆಯನೊಬ್ಬ ಒಮ್ಮೆ, "ನಿನ್ನ ಅಂಗೈಯಾಗ ಶಿವ ಅದಾನೇನೋ?" ಎಂದು ಕೆಣಕಿದನಂತೆ. ಮಾಸ್ತರರು ಎಡಗೈಯನ್ನು ಅಳ್ಳಾಡದಂತೆ ಎದೆಯ ಮಟ್ಟಕ್ಕೆ ಹಿಡಿದೇ ಉತ್ತರ ಕೊಟ್ಟರು: "ಅದು ನನಗ ಗೊತ್ತಿಲ್ಲಪ್ಪಾ. ನಮ್ಮವ್ವ ಹಿಂಗ ಹಿಡೀತಿದ್ಲು."