ಹಗೇವು ತುಂಬಿದೆ, ಯಜಮಾನರೇ!

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ದೊಡ್ಡತ್ತೆ ಸಾವಂತ್ರಮ್ಮ. ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾ ಹೇಳುತ್ತಿದ್ದರು. ಬತ್ತಿ ಮುಗಿಯುವ ಹೊತ್ತಿಗೆ ಕತೆಯೂ ಮುಗಿಯಬೇಕು, ಅದು ಅವರ ಕಟ್ಟಳೆ. ಕೇಳಿ ಮಕ್ಕಳೇ.

ಒಂದು ಕಾಡು, ಕಾಡಿನ ನಡುವೆ ಒಂದು ಕೆರೆ. ಕೆರೆಯ ಪಕ್ಕದ ದಿಬ್ಬದಲ್ಲಿ ಒಂದು ಹಗೇವು, ಅಂದರೆ ನೆಲದೊಳಗೆ ತೋಡಿದ ಕಣಜ. ಕಾಡಿನ ಬಿದಿರೆಲ್ಲ ಹೂಬಿಟ್ಟ ವರ್ಷ ಉದುರಿದ ಬಿದಿರಕ್ಕಿಯನ್ನು ಪ್ರಾಣಿಪಕ್ಷಿಗಳು ಆಯ್ದು ತಂದು ಅದರಲ್ಲಿ ತುಂಬಿದ್ದವು. ಹೂಬಿಟ್ಟ ಬಿದಿರು ಸಾಯುತ್ತದೆ. ಮತ್ತೆ ಆ ಅಕ್ಕಿಯ ಮುಖ ಕಾಣಬೇಕಾದರೆ ಒಂದು ತಲೆಮಾರೇ ಕಳೆಯಬೇಕು. ಹಾಗಾಗಿ ಅದು ಮಳೆಗಾಲದ ಕಷ್ಟಕ್ಕೆಂದೇ ಕಾದಿಟ್ಟ ಅಕ್ಕಿ.

ಆ ಕಾಡಿಗೆ ಕಾಡುಕೋಣನೇ ಯಜಮಾನ. ಮೈ ಬೆಟ್ಟದಂತೆ, ಮನಸ್ಸು ಬೆಣ್ಣೆಯಂತೆ. ದೋಷ ಒಂದೇ: ಯಾರು ಏನು ಕೇಳಿದರೂ ‘ಇಲ್ಲ’ ಎನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ.

ಹಗೇವಿನ ಕಾವಲು ಹೆಗ್ಗಣಮ್ಮನದು. ಅವಳು ಬಲು ಮಡಿವಂತೆ. ಧಾನ್ಯದ ಮಾತಿನಲ್ಲಿ ‘ಇಲ್ಲ’ ಎಂದರೆ ಅನ್ನಪೂರ್ಣೆ ಮುನಿಯುತ್ತಾಳೆಂದು ಅವಳ ನಂಬಿಕೆ. ಅಕ್ಕಿ ಇದ್ದರೆ ‘ಇದೆ’ ಎನ್ನುವಳು, ಮುಗಿದರೆ ‘ತುಂಬಿದೆ’ ಎನ್ನುವಳು. ನಿಮ್ಮ ಅಜ್ಜಿಯೂ ಹೀಗೆ ಹೇಳುವುದನ್ನು ಕೇಳಿರಬಹುದು. ಕೇಳಿದವರು ಅರ್ಥ ಮಾಡಿಕೊಂಡು ಚೀಲ ಹಿಡಿದು ಹೊರಡಬೇಕು!

ಅಕ್ಕಿ ತಂದು ಹಾಕಿದವರಿಗೆ ಕೋಣ ಹಿಡಿಗೆ ಒಂದರಂತೆ ಮುತ್ತುಗದ ಎಲೆಯ ಮೇಲೆ ಕೆಸರುಗೊರಸಿನ ಮುದ್ರೆ ಒತ್ತಿ ಕೊಡುತ್ತಿದ್ದ. ಎಲೆ ತಂದರೆ ಒಂದು ಹಿಡಿ ಅಕ್ಕಿ ವಾಪಸು. ಅಕ್ಕಿ ಹೊರುವ ಬದಲು ಎಲೆಯನ್ನೇ ಕೊಟ್ಟು ತೆಗೆದುಕೊಂಡು ಕಾಡು ಸುಖವಾಗಿತ್ತು. ಎಲ್ಲರಿಗಿಂತ ಹೆಚ್ಚು ಅಕ್ಕಿ ಹಾಕಿದವಳು ಕಾಡುಕೋಳಿ. ಅವಳ ಮರಿಗಳು ಇನ್ನೂ ಚಿಕ್ಕವು. “ಮಳೆ ಹಿಡಿದಾಗ ಇವಕ್ಕೆ ಇದೇ ದಿಕ್ಕು, ಅಣ್ಣಾ,” ಎಂದಿದ್ದಳು. “ನನ್ನ ಮುದ್ರೆ ಇದೆಯಲ್ಲ ತಂಗೀ,” ಎಂದಿದ್ದ ಕೋಣ.

ಹೀಗಿರುವಾಗ ಒಂದು ಗೊರವಂಕ ಹಕ್ಕಿ ಬಂದು ಕೋಣನ ಬೆನ್ನ ಮೇಲೆ ಕುಳಿತಿತು.

“ಯಜಮಾನರೇ, ಅಳಿಲಪ್ಪ ಹೊಸ ಗೂಡು ಕಟ್ಟಬೇಕಂತೆ. ಮುಳ್ಳುಹಂದಿಗೆ ಮಗಳ ಮದುವೆಯಂತೆ. ಬಾಯಿಬಿಟ್ಟು ಕೇಳಲು ಪಾಪ, ಸಂಕೋಚ.”

“ಅವರು ಅಕ್ಕಿ ಹಾಕಿಲ್ಲವಲ್ಲಪ್ಪ?”

“ಸಾಲ ಎಂದು ಎಲೆ ಕೊಡಿ. ಮಳೆ ಕಳೆದ ಮೇಲೆ ಅಕ್ಕಿ ಹಾಕುತ್ತಾರೆ. ಮುತ್ತುಗಕ್ಕೆ ಮೂರೇ ಎಲೆ ಅನ್ನೋರು ಅಂದುಕೊಳ್ಳಲಿ, ಕಾಡಲ್ಲಿ ಮುತ್ತುಗದ ಮರಕ್ಕೇನು ಬರವೇ?”

ಕೋಣನಿಗೆ ಮಾತು ಹಿತವಾಯಿತು. ಗೊರಸು ಒತ್ತಿದ. ಗೂಡಾಯಿತು, ಮದುವೆಯಾಯಿತು. ಆಮೇಲೆ ಕೆರೆಯ ದಂಡೆಗೆ ಚಪ್ಪರವಾಯಿತು, ಚಪ್ಪರದಲ್ಲಿ ನವಿಲಿನ ಕುಣಿತವಾಯಿತು. ಎಲ್ಲದಕ್ಕೂ ಎಲೆ. “ಕರ್ಣನ ಕೈ ನಮ್ಮ ಯಜಮಾನರದು!” ಎಂದು ಕಾಡೆಲ್ಲ ಹೊಗಳಿತು. ಎಲೆ ಸಿಕ್ಕವರು ಹಗೇವಿಗೆ ಓಡಿ ಅಕ್ಕಿ ತಂದು ಉಂಡರು.

ಕೋಣ ಒಮ್ಮೆ ಹಗೇವಿನತ್ತ ಬಂದ. “ಅಕ್ಕಿ ಹೇಗಿದೆ, ಹೆಗ್ಗಣಮ್ಮ?”

“ತುಂಬುತ್ತಾ ಬಂದಿದೆ, ಯಜಮಾನರೇ,” ಎಂದಳು ಅವಳು, ತಲೆ ತಗ್ಗಿಸಿ.

ಕೋಣ ಗಕ್ಕನೆ ನಿಂತ. ಅವನ ತಾಯಿಯೂ ಹಾಗೆಯೇ ಮಾತಾಡಿದವಳು. ಅರ್ಥ ಗೊತ್ತಿರದ ಮಾತಲ್ಲ. ಆದರೆ ಗೊತ್ತು ಎಂದು ಒಪ್ಪಿಕೊಂಡರೆ ನಾಳೆ ಯಾರಿಗಾದರೂ ‘ಇಲ್ಲ’ ಅನ್ನಬೇಕಲ್ಲ! “ತುಂಬುತ್ತಿದೆಯೇ? ಒಳ್ಳೆಯದಾಯಿತು,” ಎಂದು ಕಿವಿ ಕೊಡವಿ ನಡೆದುಬಿಟ್ಟ.

ಬರಬರುತ್ತಾ ಎಲೆಗೆ ಬೆಲೆ ತಪ್ಪಿತು. ಒಂದು ಎಲೆಗೆ ಹಿಡಿ ಹಲಸಿನ ಬೀಜ ಕೊಡುತ್ತಿದ್ದ ಅಳಿಲಪ್ಪ ಈಗ ಹೊರೆ ಎಲೆ ಕೇಳತೊಡಗಿದ.

“ಏನಯ್ಯಾ, ಬೀಜಕ್ಕೇನು ಬಂಗಾರ ಬಳಿದಿದ್ದೀಯಾ?” ಎಂದು ಕಾಡುಕೋಳಿ ರೇಗಿದಳು.

“ಬೀಜ ಅಷ್ಟೇ ಇದೆ ತಾಯೀ, ಎಲೆ ನೋಡು, ಕಾಲಿಗೆ ತೊಡರುತ್ತಿದೆ!”

ಮಳೆ ಹಿಡಿಯಿತು. ಹುಳುಹುಪ್ಪಟೆ ಕೊಚ್ಚಿಹೋದವು. ಹಸಿದ ಕಾಡು ಎಲೆ ಹೊತ್ತುಕೊಂಡು ದಿಬ್ಬಕ್ಕೆ ನುಗ್ಗಿತು.

“ಹೆಗ್ಗಣಮ್ಮಾ, ಅಕ್ಕಿ!”

“ತುಂಬಿದೆ,” ಎಂದಳು ಹೆಗ್ಗಣಮ್ಮ.

“ಕೇಳಿದಿರಾ? ತುಂಬಿದೆಯಂತೆ!” ಎಂದು ಗೊರವಂಕ ಕೂಗಿತು. ಹಸಿವಿನಲ್ಲಿ ಮಾತಿನ ಒಳ ಅರ್ಥ ಹೊಳೆಯದೆ ಎಲ್ಲರೂ ಕೇಕೆ ಹಾಕಿದರು. ನೆನೆದ ಮರಿಗಳನ್ನು ರೆಕ್ಕೆಯಡಿ ಹಿಡಿದುಕೊಂಡು ಕಾಡುಕೋಳಿ ಮಾತ್ರ ಕೋಣನ ಮುಂದೆ ನಿಂತಳು.

“ತುಂಬಿದ್ದರೆ ಕೊಡಿ ಅಣ್ಣಾ. ಎಲ್ಲರಿಗಿಂತ ಹೆಚ್ಚು ಅಕ್ಕಿ ಹಾಕಿದವಳು ನಾನು.”

ಕೋಣ ಮೊಣಕಾಲೂರಿ ಹಗೇವಿನೊಳಗೆ ತಲೆ ಇಳಿಸಿದ. ತಣ್ಣನೆ ಗಾಳಿ ಮೂತಿಗೆ ಬಡಿಯಿತು. ಕೊಂಬು ಬರಿ ನೆಲಕ್ಕೆ ತಾಗಿತು. ಎದ್ದು ಅವಳ ಎಲೆಗಳನ್ನು ನೋಡಿದ, ಉಳಿದವರ ಎಲೆಗಳನ್ನೂ ನೋಡಿದ. ಬೆವರು ಸುರಿಸಿದವಳ ಎಲೆ ಯಾವುದು, ಬಿಟ್ಟಿ ಎಲೆ ಯಾವುದು? ಗುರುತೇ ಹತ್ತಲಿಲ್ಲ. ಎಲ್ಲದರ ಮೇಲೂ ಅವನದೇ ಗೊರಸು.

“ಇಲ್ಲ,” ಎಂದ ಕೋಣ.

ಅವನ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ.

“ಅಕ್ಕಿ ಇಲ್ಲ. ಹೆಗ್ಗಣಮ್ಮ ತನ್ನ ರೀತಿಯಲ್ಲಿ ನಿಜವನ್ನೇ ಹೇಳಿದಳು. ತಿಳಿದೂ ತಿಳಿಯದವನಂತೆ ಇದ್ದವನು ನಾನು.”

“ಹಾಗಾದರೆ ಈ ಎಲೆ ಏನು ಮಾಡಲಿ? ಮರಿಗಳಿಗೆ ಹೊದಿಸಲೇ?” ಎಂದಳು ಕಾಡುಕೋಳಿ.

“ಇನ್ನೊಂದಷ್ಟು ಎಲೆ ಒತ್ತಿದರೆ ಸರಿಹೋಗುತ್ತದೆ, ಯಜಮಾನರೇ,” ಎಂದಿತು ಗೊರವಂಕ. ಕೋಣ ಒಮ್ಮೆ ಬುಸುಗುಟ್ಟಿದ. ಹಕ್ಕಿ ಹಾರಿ ಹಳ್ಳದಾಚೆಯ ಕಾಡು ಸೇರಿತು. ಅಲ್ಲಿನ ಯಜಮಾನನ ಬೆನ್ನ ಮೇಲೆ ಈಗಲೂ ಅದೇ ರಾಗ ಹಾಡುತ್ತಿದೆಯಂತೆ.

ಕೋಣ ಕಾಡುಕೋಳಿಯ ಒಂದು ಎಲೆ ಎತ್ತಿಕೊಂಡು ಬಾಯಿಗೆ ಹಾಕಿಕೊಂಡ. ಒಗರು. ಅಗಿದು ನುಂಗಿದ. ಆಮೇಲೆ ಕೊಂಬಿನಿಂದ ನೆಲ ಬಗೆದು, ಒಂದು ಕಾಡುಗೆಣಸು ಕಿತ್ತು, ಕಾಲಲ್ಲಿ ಜಜ್ಜಿ ಮರಿಗಳ ಮುಂದಿಟ್ಟ. “ಒಂದು ಎಲೆಗೆ ಒಂದು ಗೆಣಸು, ತಂಗೀ. ಹಸುಗೂಸಿದ್ದವರು ಮೊದಲು ಬನ್ನಿ. ಸಾಲದ ಎಲೆ ಒಯ್ದವರು ನನ್ನ ಜೊತೆ ಮಣ್ಣು ಕೆದಕಿ.”

ಮಳೆಗಾಲವಿಡೀ ಅದೇ ಕೆಲಸ. ಎಲೆ ನುಂಗುವುದು, ನೆಲ ಬಗೆಯುವುದು. ಕೊಂಬು ಸವೆಯಿತು, ಬೆಟ್ಟದಂತಿದ್ದ ಮೈ ಇಳಿಯಿತು. ಮರಿಗಳು ಮಾತ್ರ ಒಂದೂ ಸಾಯಲಿಲ್ಲ. ಮಳೆ ಹೊಳವಾದಾಗ ಕಾಡಿನಲ್ಲಿ ಮುದ್ರೆಯ ಎಲೆ ಒಂದೂ ಉಳಿದಿರಲಿಲ್ಲ. ಹೆಗ್ಗಣಮ್ಮನೂ ಹೊಸ ನೇಮ ಹಿಡಿದಳು: ಮನೆಯಲ್ಲಿ ‘ತುಂಬಿದೆ’, ಹಗೇವಿನ ಬಾಯಲ್ಲಿ ‘ಇಲ್ಲ’. ಅನ್ನಪೂರ್ಣೆ ಮುನಿಯಲಿಲ್ಲ.

ದೊಡ್ಡತ್ತೆಯ ಬತ್ತಿ ಮುಗಿಯಿತು. ಮಕ್ಕಳೇ, ಈ ಕತೆಯನ್ನು ನಿಮ್ಮಲ್ಲೇ ಕೂಡಿಡಬೇಡಿ, ನಿಮಗಿಂತ ಚಿಕ್ಕವರಿಗೆ ಹೇಳಿ. ನಾಳೆ ಹಗೇವಿನ ಕಾವಲು ಅವರ ಕೈಗೆ ಬರುವುದು.

ನೀತಿ: ಮುದ್ರೆ ಒತ್ತಿದ ಮಾತ್ರಕ್ಕೆ ಎಲೆ ಅನ್ನವಾಗದು, ಕಣಜ ನೋಡದೆ ಕೊಟ್ಟ ಮಾತನ್ನು ಕೊನೆಗೆ ಕೊಟ್ಟವನೇ ನುಂಗಬೇಕು.